ಹಿಂದಕ್ಕೆ ತಿರುಗಿದ ದಂಡು

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಲ್ಲಿ ಒಂದು ಮಧ್ಯಾಹ್ನ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದ ವೃದ್ಧರೊಬ್ಬರೊಡನೆ ಮಾತಿಗೆ ಮಾತು ಬೆಳೆದು 1791ರ ದಂಡಿನ ಕಥೆಯವರೆಗೆ ಹೋಯಿತು. ಮೇಷ್ಟರುಗಳಿಗೆ ಈ ಚಾಳಿ ಉಂಟು; ಕೇಳುವ ಕಿವಿ ಸಿಕ್ಕಿದರೆ ಸಾಕು, ತರಗತಿಯನ್ನು ಆರಂಭಿಸಿಬಿಡುತ್ತೇವೆ. ಕಾರ್ನ್‌ವಾಲೀಸನೆಂಬ ಇಂಗ್ಲಿಷರ ಸೇನಾಪತಿ ಈ ಸೀಮೆಯ ಮೇಲೆಯೇ ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಹೋದನೆಂದೂ, ಕೋಟೆ ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಗಿ, ತನ್ನ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದನೆಂದೂ ಹೇಳಿದೆ. ಅವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡು, “ಯಾಕ್ ತಿರುಗ್ದ?” ಎಂದರು. “ಎತ್ತುಗಳೆಲ್ಲ ಸತ್ತುಹೋದವು” ಎಂದೆ.

“ಎತ್ತು ಬಿದ್ಮೇಲೆ ಗಾಡಿ ತಿರುಗಿಸ್ದೋನ್ನ ಬೈದು ಏನ್ ಬಂತು ಸೋಮಿ? ಗಾಡಿ ಕಟ್ಟೋವಾಗ್ಲೇ ನೋಡ್ಬೇಕಿತ್ತು.”

ಅಷ್ಟರಲ್ಲಿ ಬಸ್ಸು ಬಂದಿತು. ಆ ಮಾತು ಮಾತ್ರ ನನ್ನೊಡನೆಯೇ ಬಸ್ಸು ಹತ್ತಿತು.

ಯುದ್ಧದಲ್ಲಿ ಬೆನ್ನು ತೋರಿಸುವುದು ಹೇಡಿತನ ಎಂಬುದು ನಮ್ಮ ಮನಸ್ಸಿನಲ್ಲಿ ಬಹಳ ಆಳವಾಗಿ ಬೇರೂರಿದೆ. ವೀರಗಲ್ಲುಗಳನ್ನು ನಿಲ್ಲಿಸಿದ ನಾಡು ಇದು; ಹಿಂದಿರುಗಿ ಬಂದವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಆದರೂ ಹಿಂದಿರುಗಿದವರೆಲ್ಲರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗಿದ್ದೇವೆಯೆ? ಕಾಲಯವನನಿಗೆ ಬೆನ್ನು ತೋರಿಸಿ ಓಡಿದ ಕೃಷ್ಣ ರಣಛೋಡನೆಂಬ ಹೆಸರಿನಿಂದಲೇ ಗುಜರಾತಿನ ಡಾಕೋರಿನಲ್ಲಿ ಪೂಜೆಗೊಳ್ಳುತ್ತಾನೆ. ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಉತ್ತರಕುಮಾರನಾದರೋ ಇಂದಿಗೂ ನಗೆಪಾಟಲು. ಭೀಷ್ಮ, ದ್ರೋಣ, ಕರ್ಣರು ಒಟ್ಟಾಗಿ ನಿಂತಿರುವಾಗ ಒಬ್ಬ ಹುಡುಗ ಮನೆಗೆ ಹಿಂದಿರುಗಬೇಕೆಂದುಕೊಂಡರೆ ಅದರಲ್ಲಿ ನಗುವಂಥದೇನಿದೆ? ಅದು ಬರಿಯ ವಿವೇಕ. ನಾವು ನಗುವುದು ಅವನ ಓಟಕ್ಕಲ್ಲ. ಅಂತಃಪುರದ ಹೆಂಗಸರ ಮುಂದೆ ಅವನು ಕೊಚ್ಚಿಕೊಂಡುದಕ್ಕೆ. ತಪ್ಪು ನಡೆದದ್ದು ಊರಿನಲ್ಲಿ, ಹೊರಡುವಾಗ. ರಣರಂಗದಲ್ಲಿ ಅದು ಬಯಲಾಯಿತು, ಅಷ್ಟೆ.

ಕಾರ್ನ್‌ವಾಲೀಸನನ್ನು ಈ ದೃಷ್ಟಿಯಿಂದ ನೋಡಬೇಕು. 1781ರ ಅಕ್ಟೋಬರಿನಲ್ಲಿ ಅಮೆರಿಕೆಯ ಯಾರ್ಕ್‌ಟೌನಿನಲ್ಲಿ ತನ್ನ ಸೈನ್ಯವನ್ನೆಲ್ಲ ವಾಷಿಂಗ್ಟನ್ನನಿಗೆ ಒಪ್ಪಿಸಿದವನು ಇವನು. ಅಂದು ಅಸ್ವಸ್ಥನೆಂದು ಹೇಳಿ, ಕತ್ತಿಯನ್ನು ಒಪ್ಪಿಸಲು ತನ್ನ ಕೈಕೆಳಗಿನ ಸೇನಾನಿಯನ್ನು ಕಳುಹಿಸಿದ್ದ. ಐದು ವರ್ಷಗಳ ತರುವಾಯ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಅವನ ಕೈಸೇರಿತು. ಮೇ ತಿಂಗಳ ಮೊದಲಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ.

ಚನ್ನಪಟ್ಟಣದ ಹೆದ್ದಾರಿಯಲ್ಲಿ ರಾಮಗಿರಿ, ಶಿವನಗಿರಿಗಳು ಟಿಪ್ಪುವಿನ ವಶದಲ್ಲಿದ್ದುದರಿಂದ ಅವನು ಹಿಡಿದದ್ದು ಕಾನಕಾನಹಳ್ಳಿಯ ದಾರಿ. ಇಂದಿನ ಕನಕಪುರವೇ ಅಂದಿನ ಕಾನಕಾನಹಳ್ಳಿ. ಟಿಪ್ಪು ಮುಂದಾಗಿಯೇ ಈ ಸೀಮೆಯನ್ನು ಬರಿದು ಮಾಡಿಸಿದ್ದ. ಹುಲ್ಲಿಲ್ಲ, ಕಾಳಿಲ್ಲ, ದಾರಿ ಹೇಳಲು ಜನವಿಲ್ಲ. ಕಾನಕಾನಹಳ್ಳಿಯಂತೂ ಇಂಗ್ಲಿಷರಿಗೆ ಉಪಯೋಗವಾಗದಿರಲೆಂದು ಎರಡು ಬಾರಿ ತನ್ನ ದೊರೆಯ ಕೈಯಿಂದಲೇ ನಾಶವಾದ ಊರು. ಗೆದ್ದವರ ಕಥೆಯಲ್ಲಿಯೂ ಸೋತವರ ಕಥೆಯಲ್ಲಿಯೂ ಅದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಕ್ಕಿಲ್ಲ.

ಮೇ 13ಕ್ಕೆ ದಂಡು ಅರಕೆರೆಯನ್ನು ಮುಟ್ಟಿತು. ಶ್ರೀರಂಗಪಟ್ಟಣ ಇನ್ನು ಸುಮಾರು 9 ಮೈಲಿ. 15ರಂದು ನಡೆದ ಕಾಳಗದಲ್ಲಿ ಕಾರ್ನ್‌ವಾಲೀಸನಿಗೇ ಗೆಲವು. ಟಿಪ್ಪುವಿನ ಸೈನ್ಯ ದ್ವೀಪದ ಫಿರಂಗಿಗಳ ಆಸರೆಗೆ ಸರಿಯಿತು. ಆದರೆ ಆ ಗೆಲವನ್ನು ಉಣ್ಣುವಂತಿರಲಿಲ್ಲ. ಅರಕೆರೆಯಲ್ಲಿ ಭಾರಿ ಫಿರಂಗಿಗಳನ್ನು ಹೊಳೆ ದಾಟಿಸಲಾಗದೆ ಮೇಲಣ ಕನ್ನಂಬಾಡಿಗೆ ನಡೆದರು. ದಾರಿಯುದ್ದಕ್ಕೂ ಎತ್ತುಗಳು ಬೀಳುತ್ತಿದ್ದವು. ಸಿಪಾಯಿಗಳೇ ಫಿರಂಗಿಗಳನ್ನು ಎಳೆದರು. ಮಳೆ ಹಿಡಿಯಿತು. ಅಕ್ಕಿ ಮುಗಿಯಿತು. ಪಾಳೆಯಕ್ಕೆ ಸಿಡುಬು ಬಂದಿತು. ಜೊತೆಗಿದ್ದ ನಿಜಾಮನ ಸುಮಾರು 10,000 ಕುದುರೆ ಸವಾರರು ಮೇವನ್ನು ಖರ್ಚುಮಾಡಿದರೇ ಹೊರತು ಕಾದಿದ್ದು ಕಡಮೆ. ಬರಬೇಕಾಗಿದ್ದ ಮರಾಠರ ಸುಳಿವಿಲ್ಲ. ಮೇ 22ರಂದು ಮುತ್ತಿಗೆಯ ಫಿರಂಗಿಗಳನ್ನು ನಾಶಮಾಡಿಸಿ 26ರಂದು ಹಿಂದಕ್ಕೆ ಹೊರಟ. ಪಿರಿಯಾಪಟ್ಟಣದವರೆಗೆ ಬಂದಿದ್ದ ಆಬರ್‌ಕ್ರಾಂಬಿಗೂ ಘಟ್ಟವಿಳಿಯಲು ಅಪ್ಪಣೆಯಾಯಿತು. ದಂಡಿನಲ್ಲಿದ್ದ ಮೇಜರ್ ಡೈರಮ್ ತನ್ನ ಗ್ರಂಥದಲ್ಲಿ ಆ ಬೀಡನ್ನು ವರ್ಣಿಸಿದ್ದಾನೆ: ಮೈಲಿಗಟ್ಟಲೆ ಸುತ್ತಲೂ ದನ, ಕುದುರೆಗಳ ಹೆಣ, ನಡುವೆ ಉರಿಯುತ್ತಿರುವ ಫಿರಂಗಿಗಾಡಿಗಳು. ಆ ಕನ್ನಂಬಾಡಿ ಊರು ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ.

ಹೊರಟ ದಿನವೇ ಎದುರಿಗೆ ಒಂದು ಕುದುರೆಯ ದಂಡು ಕಾಣಿಸಿತು. ಶತ್ರುಗಳೆಂದು ಅಣಿಯಾದರೆ, ಬಂದವರು ಮರಾಠರು! ಹರಿಪಂತನೂ ಪರಶುರಾಮ ಭಾವೂ ದೊಡ್ಡ ಸೈನ್ಯದೊಡನೆ ಹಿಂದೆಯೇ ಬರುತ್ತಿದ್ದರು. ಅವರು ಕಳುಹಿಸಿದ್ದ ಸುದ್ದಿಯನ್ನು ಟಿಪ್ಪುವಿನ ಸವಾರರು ದಾರಿಯಲ್ಲಿಯೇ ತಡೆದಿದ್ದರು. ಮರಾಠರ ಬಜಾರಿನಲ್ಲಿ ಕಾಳುಕಡ್ಡಿ ಬೇಕಾದಷ್ಟು ಇದ್ದಿತು. ಬೆಲೆ ಮಾತ್ರ ಹಸಿದವನಿಂದ ಕೀಳುವ ಬೆಲೆ. ಇನ್ನು ನಾಲ್ಕು ದಿನ ತಾಳಿದ್ದರೆ ಫಿರಂಗಿಗಳಾದರೂ ಉಳಿಯುತ್ತಿದ್ದುವಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಈ ಆಕ್ಷೇಪಣೆ ನ್ಯಾಯವಲ್ಲ. ಮೇ 22ರಂದು ಅವನಿಗೆ ಗೊತ್ತಿದ್ದುದು ಮೇ 22ರವರೆಗಿನ ಸಂಗತಿ ಮಾತ್ರ. ಹಸಿದ ಸಹಸ್ರಾರು ಜನರನ್ನು ಇಟ್ಟುಕೊಂಡು, ಬರುವರೋ ಬಾರರೋ ಎಂಬ ಮಿತ್ರರಿಗಾಗಿ ಕಾಯುವುದು ಶೌರ್ಯವಲ್ಲ, ಜೂಜು. ಯಾರ್ಕ್‌ಟೌನಿನಲ್ಲಿ ಹಾಗೆ ಕಾದು ಕೆಟ್ಟವನಿಗೆ ಅದು ಚೆನ್ನಾಗಿ ತಿಳಿದಿದ್ದಿರಬೇಕು.

ಆದರೆ ಹೊರಟಾಗ? ಮಳೆಗಾಲ ಬಾಗಿಲಲ್ಲಿತ್ತು. ಎತ್ತುಗಳು ಬೆಂಗಳೂರಿನಲ್ಲಿಯೇ ಸೊರಗಿದ್ದವು. ಮರಾಠರೊಡನೆ ಗೊತ್ತುಪಾಡಾಗಿರಲಿಲ್ಲ. ಯುದ್ಧ ಬೇಗ ಮುಗಿಯಬೇಕು, ಖರ್ಚು ಏರುತ್ತಿದೆ, ಮಿತ್ರರ ಮನಸ್ಸು ತಿರುಗೀತು ಎಂಬ ಕಾರಣಗಳು ಇದ್ದುವು. ಅವು ಹುಸಿ ಕಾರಣಗಳೆಂದು ನಾನು ಹೇಳಲಾರೆ. ಎಲ್ಲವೂ ನಿಶ್ಚಯವಾದ ಮೇಲೆಯೇ ಹೊರಡುತ್ತೇನೆನ್ನುವವನು ಎಂದಿಗೂ ಹೊರಡುವುದಿಲ್ಲ, ಅದೂ ನಿಜ. ಆದರೆ ಒಬ್ಬನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವ ಅಪಾಯ ಬೇರೆ, ಪರರ ತಲೆಯ ಮೇಲೆ ಹೊರಿಸುವುದು ಬೇರೆ. ಸೇನಾಪತಿಗೆ ಹೋಗುವುದು ಹೆಸರು, ಸಿಪಾಯಿಗೆ ಪ್ರಾಣ. ಎತ್ತನ್ನಂತೂ ಯಾರೂ ಕೇಳಲೇ ಇಲ್ಲ.

ತಪ್ಪು ಎಲ್ಲಿತ್ತೆಂಬುದು ಅವನಿಗೂ ತಿಳಿದಿತ್ತೆಂದು ಮುಂದಿನ ನಡತೆಯಿಂದ ಊಹಿಸಬಹುದು. ಬೆಂಗಳೂರಿಗೆ ಹಿಂದಿರುಗಿ ಅವನು ಹೆಚ್ಚಿಸಿಕೊಂಡದ್ದು ಧೈರ್ಯವನ್ನಲ್ಲ, ಎತ್ತುಗಳನ್ನು. ಲಂಬಾಣಿಗಳ ಹೇರೆತ್ತುಗಳಿಂದ ದವಸ ತರಿಸಿದ. ದಾರಿಯ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿಸಿದ. 1791ರ ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ ಬಿದ್ದಿತು. ಅದರ ಬೆನ್ನಿಗೇ ರಾಮಗಿರಿ, ಶಿವನಗಿರಿ, ಹುತ್ರಿದುರ್ಗ. 1792ರಲ್ಲಿ ಟಿಪ್ಪು ಅರ್ಧರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟ. ಕಾರ್ನ್‌ವಾಲೀಸನಿಗೆ ಮಾರ್ಕ್ವಿಸ್ ಪದವಿ ಬಂದಿತು. ಕನ್ನಂಬಾಡಿ ಮರೆತುಹೋಯಿತು. 1805ರಲ್ಲಿ ಮತ್ತೆ ಗವರ್ನರ್ ಜನರಲ್ ಆಗಿ ಬಂದು, ಅದೇ ವರ್ಷ ಗಾಜೀಪುರದಲ್ಲಿ ಸತ್ತಾಗ ಅವನು ಟಿಪ್ಪುವನ್ನು ಮಣಿಸಿದ ಕೀರ್ತಿವಂತ.

ಇಲ್ಲಿಯೇ ನನ್ನ ಮನಸ್ಸು ತೊಡಕಿಗೆ ಬೀಳುವುದು. ಫೆಬ್ರವರಿಯಲ್ಲಿ ಗೆದ್ದ ಮಾತ್ರಕ್ಕೆ ಮೇ ತಿಂಗಳ ಪ್ರಯಾಣ ಸರಿಯಾಯಿತೆ? ಹಿಂದೆ ಸರಿದುದಕ್ಕೆ ಕ್ಷಮೆ ಬೇಕಾಗಿರಲಿಲ್ಲ. ಹೊರಟುದಕ್ಕೆ ಬೇಕಾಗಿತ್ತು, ಅದನ್ನು ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಜಯ ಎರಡನ್ನೂ ಒಟ್ಟಿಗೆ ತೊಳೆದುಬಿಟ್ಟಿತು.

ಅದೇ ಪಾಳೆಯದಲ್ಲಿ ಇನ್ನೊಬ್ಬ ಸೇನಾನಿ ಇದ್ದ, ಜನರಲ್ ಮೆಡೋಸ್. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ಬಿದ್ದಾಗ ಬಲಭಾಗದ ತುಕಡಿ ಅವನ ಕೈಯಲ್ಲಿತ್ತು. ಬಲವಾದ ಒಂದು ಬತ್ತೇರಿಯನ್ನು ಹಿಡಿಯುವುದರಲ್ಲಿ ತೊಡಗಿ, ಆಮೇಲೆ ಕತ್ತಲಲ್ಲಿ ದಾರಿ ತಪ್ಪಿ, ಕಾರ್ನ್‌ವಾಲೀಸನನ್ನು ಕೂಡಿಕೊಳ್ಳಲಾರದೆ ಹೋದ. ಆ ರಾತ್ರಿ ಗೆದ್ದದ್ದು ಅವನ ಪಕ್ಷವೇ. ಆದರೂ ಕೆಲವು ದಿನಗಳಲ್ಲಿ ತನ್ನ ಡೇರೆಯಲ್ಲಿ ತಾನೇ ಪಿಸ್ತೂಲಿನಿಂದ ಹೊಡೆದುಕೊಂಡ. ಆ ರಾತ್ರಿಯ ತಪ್ಪೇ ಅವನನ್ನು ಕೊರೆಯುತ್ತಿತ್ತೆಂದು ಸಮಕಾಲೀನರು ತಿಳಿದರು. ಗಾಯ ಮಾಯಿತು, 1813ರವರೆಗೆ ಬದುಕಿದ. ಈ ಇಬ್ಬರಲ್ಲಿ ಯಾರನ್ನು ನಾನು ಹೆಚ್ಚು ಗೌರವಿಸಬೇಕೆಂಬುದನ್ನು ಆ ಮುದುಕರನ್ನೇ ಕೇಳಬಹುದಾಗಿತ್ತು. ಮೆಡೋಸನ ಕಥೆಯನ್ನು ಹೇಳುವುದಕ್ಕೆ ಮುಂಚೆಯೇ ಬಸ್ಸು ಬಂದುಬಿಟ್ಟಿತು.