ಬಲಗಡೆಯ ಮಡ್‌ಗಾರ್ಡ್

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ತೋಟದ ಮನೆ. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಶೆಡ್ಡು ಈಗ ಖಾಲಿ. ಅದರೊಳಗೆ 1930ರ ದಶಕದ ಒಂದು ಇಂಗ್ಲಿಷ್ ಕಾರು, ತಾತನ ಕಾಲದ್ದು. ಹೋದ ಮಳೆಗಾಲದಲ್ಲಿ ಹುಣಸೆಮರದ ಕೊಂಬೆ ಶೀಟಿನ ಸಮೇತ ಅದರ ಮೇಲೆ ಬಿತ್ತು. ಎಡಗಡೆಯ ಮಡ್‌ಗಾರ್ಡ್ ಮುದುರಿದ ಹಪ್ಪಳವಾಗಿದೆ, ಬಾಗಿಲು ಒಳಕ್ಕೆ ಹೋಗಿದೆ, ಟಾಪು ಕುಸಿದಿದೆ. ತಗಡಿನ ಒಳಗಿನ ಮರದ ಚೌಕಟ್ಟಿಗೆ ಗೆದ್ದಲು ಹತ್ತಿ ಎಷ್ಟು ವರ್ಷವಾಗಿತ್ತೋ, ಎಲ್ಲರಿಗೂ ಗೊತ್ತಾದದ್ದು ಈಗ. ಇದು ನನ್ನ ಊಹೆಯ ಕಾರು, ಯಾರೂ ಹುಡುಕಿಕೊಂಡು ಹೋಗುವುದು ಬೇಡ. ಆದರೆ ಇಂಥ ಶೆಡ್ಡು, ಇಂಥ ಹುಣಸೆಮರ, ಮಾರಲೂ ಆಗದೆ ಓಡಿಸಲೂ ಆಗದೆ ಕಾರನ್ನು ಇಟ್ಟುಕೊಂಡ ಇಂಥ ಮನೆ ನಮ್ಮ ಸೀಮೆಯಲ್ಲಿ ಊಹಿಸಲು ಕಷ್ಟವಾದದ್ದಲ್ಲ.

ಈ ಕಾರನ್ನು ನೋಡಲು ಇಬ್ಬರು ಬರುತ್ತಾರೆ ಎನ್ನೋಣ. ಒಬ್ಬರು ವಯಸ್ಸಾದ ಟಿಂಕರ್. ತಗಡನ್ನು ಬೆರಳಿನಿಂದ ತಟ್ಟಿ ನೋಡಿ, "ಬಡಿದರೆ ಬರುತ್ತೆ ಸ್ವಾಮಿ, ಟೈಮ್ ಕೊಡಬೇಕು" ಎನ್ನುತ್ತಾರೆ. ಇನ್ನೊಬ್ಬ ಹುಡುಗ, ಚುರುಕಿನವನು. "ಯಾಕ್ ಸಾರ್ ಈ ಗೋಳು? ಚಾಸಿ ಗಟ್ಟಿ ಇದೆ. ಮೇಲಿಂದು ತೆಗೆದು ಬಿಸಾಕಿ ಓಪನ್ ಬಾಡಿ ಕಟ್ಟಿಸಿಬಿಡಿ. ನಂದಿಬೆಟ್ಟಕ್ಕೆ ಹೋದರೆ ಎಲ್ಲ ತಿರುಗಿ ನೋಡಬೇಕು." ಖರ್ಚಿನ ಲೆಕ್ಕ ಹಾಕಿದರೆ ಹುಡುಗನದೇ ಸರಿ ಕಾಣುತ್ತದೆ. ಟಾಪಿಲ್ಲದ ಕಾರಿಗೆ ತಗಡೂ ಕಡಿಮೆ, ಕೆಲಸವೂ ಕಡಿಮೆ. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಎಷ್ಟೋ ಆಸ್ಟಿನ್ ಸೆವೆನ್ ಕಾರುಗಳ ಮುಚ್ಚಿದ ಬಾಡಿ ಕಿತ್ತೆಸೆದು ಹಗುರವಾದ ಓಟದ ಬಾಡಿ ಕಟ್ಟಿದರು. ಅವರು ಯಾರೂ ದುಷ್ಟರಲ್ಲ, ಹಳೆಯ ಕಾರನ್ನು ಪ್ರೀತಿಸಿದವರೇ.

ನಮ್ಮ ಕಡೆ ಬಾಡಿ ಕಟ್ಟಿಸುವುದು ಪಾಪವೂ ಅಲ್ಲ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟುವಾಗ ಬರೀ ಚಾಸಿಯ ಮೇಲೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೂತ ಡ್ರೈವರ್ ಬಸ್ಸಿನ ಅಸ್ಥಿಪಂಜರವನ್ನು ಓಡಿಸಿಕೊಂಡು ಹೋಗುವುದನ್ನು ನೋಡದವರು ಕಡಿಮೆ. ಮೈ ಆಮೇಲೆ ಬರುತ್ತದೆ, ಬೇರೆ ಊರಿನಲ್ಲಿ, ಬೇರೆಯವರ ಕೈಯಲ್ಲಿ. ಆ ಮೈ ಹಳತಾದರೆ ಕಳಚಿ ಇನ್ನೊಂದನ್ನು ಕಟ್ಟಿಸುತ್ತಾರೆ. ಇದು ಅದೇ ಬಸ್ಸೇ ಎಂದು ಯಾವ ಪ್ರಯಾಣಿಕನೂ ಕೇಳಿಲ್ಲ. ಅವನಿಗೆ ಬೇಕಾದದ್ದು ಆರೂವರೆಯ ಗೌರಿಬಿದನೂರು ಬಸ್ಸು. ಆರೂವರೆಗೆ ಬಂದದ್ದು ಯಾವುದೋ ಅದೇ ಆ ಬಸ್ಸು. ಲಾರಿಯವರನ್ನು ಕೇಳಿದರಂತೂ ನಗುತ್ತಾರೆ.

ಅಂಬಾಸಿಡರ್ ಕಥೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಬೇರೆ ಚಾಸಿ ಎಂಬುದೇ ಇಲ್ಲ, ತಗಡಿನ ಮೈಯೇ ಅದರ ಎಲುಬು. ಅಲ್ಲಿ ಬಾಡಿ ಬದಲಿಸಿದರೆ ಉಳಿಯುವುದೇನು? ಎಂಜಿನ್ನು, ಸೀಟು ಮತ್ತು ಆರ್‌ಸಿ ಪುಸ್ತಕ. ಹಾಗಾಗಿ ರಿಪೇರಿಯೋ ಹೊಸ ಬಾಡಿಯೋ ಎಂಬ ಸಂಕಟ ನಿಜವಾಗಿ ಹುಟ್ಟುವುದು ನಮ್ಮ ಶೆಡ್ಡಿನಲ್ಲಿರುವಂಥ, ಮೈ ಬೇರೆ ಎಲುಬು ಬೇರೆಯಾದ ಕಾರಿಗೆ.

ಈ ಸಂಕಟಕ್ಕೆ ತತ್ವಶಾಸ್ತ್ರದಲ್ಲಿ ಹಳೆಯ ಬೇರುಗಳಿವೆ. ಥೀಸಿಯಸ್ಸನ ಹಡಗಿನ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸುತ್ತಾ ಬಂದ ಕಥೆಯನ್ನು ಪ್ಲೂಟಾರ್ಕ್ ಹೇಳುತ್ತಾನೆ. ಹದಿನೇಳನೇ ಶತಮಾನದಲ್ಲಿ ಹಾಬ್ಸ್ ಅದಕ್ಕೆ ಒಬ್ಬ ಗುಜರಿಯವನನ್ನು ಸೇರಿಸಿದ. ಹಾಬ್ಸ್ ಅವನನ್ನು ಹಾಗೆ ಕರೆಯಲಿಲ್ಲ, ಆದರೆ ಕೆಲಸ ಅದೇ: ಕಿತ್ತೆಸೆದ ಹಳೆಯ ಹಲಗೆಗಳನ್ನೆಲ್ಲ ಕೂಡಿಟ್ಟು ಅವುಗಳಿಂದಲೇ ಇನ್ನೊಂದು ಹಡಗು ಕಟ್ಟಿದರೆ ಯಾವುದು ಥೀಸಿಯಸ್ಸನದು? ಹಳೆಯ ಕಾರುಗಳ ಪೇಟೆಯಲ್ಲಿ ಇದು ಬರೀ ಜಾಣಪ್ರಶ್ನೆಯಲ್ಲ. ಕಳಚಿ ಮಾರಿದ ಮೂಲ ಬಾಡಿ ಇನ್ನೊಂದು ಚಾಸಿಯ ಮೇಲೆ ಕೂತು, ಒಂದೇ ಹೆಸರಿಗೆ ಎರಡು ಕಾರುಗಳು ಹಕ್ಕು ಸಾಧಿಸುವುದುಂಟು. ನಮ್ಮಲ್ಲೇ ನೋಡಿದರೆ, ಮಿಲಿಂದ ರಾಜ ಬೌದ್ಧ ಭಿಕ್ಷು ನಾಗಸೇನನನ್ನು ಕಾಣಲು ಬಂದದ್ದೇ ರಥದಲ್ಲಿ. ಈಚು ರಥವೇ, ಅಚ್ಚು ರಥವೇ, ಗಾಲಿ ರಥವೇ ಎಂದು ಭಿಕ್ಷು ಕೇಳುತ್ತಾ ಹೋದ. ರಾಜ ಎಲ್ಲಕ್ಕೂ ಅಲ್ಲ ಎನ್ನಬೇಕಾಯಿತು. ರಥ ಎಂಬುದು ಬಿಡಿಭಾಗಗಳ ಕೂಟಕ್ಕೆ ಇಟ್ಟ ಹೆಸರು ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಭಿಕ್ಷುವಿನ ವಾದ ಗೆಲ್ಲುತ್ತದೆ ನಿಜ, ಆದರೆ ಶೆಡ್ಡಿನ ಮುಂದೆ ನಿಂತವನ ಕೆಲಸಕ್ಕೆ ಬರುವುದಿಲ್ಲ. ಹೆಸರು ಇಟ್ಟದ್ದೇ ಹೌದಾದರೂ ಯಾವ ಹಂತದವರೆಗೆ ಅದೇ ಹೆಸರಿನಿಂದ ಕರೆಯಬಹುದು ಎಂಬುದೇ ಇಲ್ಲಿ ಇತ್ಯರ್ಥವಾಗಬೇಕಾದದ್ದು.

ನನಗೆ ಉತ್ತರದ ಸುಳಿವು ಸಿಕ್ಕುವುದು ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ. ಬಿಸಿನೀರಿನ ಬೇಸಿನ್‌ನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಒಂದು ಗೂಡಿನ ಎಳೆ ಕೆಲವು ನೂರು ಮೀಟರ್ ಬಂದು ಮುಗಿಯುತ್ತದೆ. ಅಷ್ಟರಲ್ಲಿ ರೀಲರ್ ಇನ್ನೊಂದು ಗೂಡಿನ ತುದಿಯನ್ನು ಓಡುತ್ತಿರುವ ನೂಲಿಗೆ ತಾಗಿಸಿಬಿಡುತ್ತಾಳೆ. ನೂಲು ನಿಲ್ಲುವುದಿಲ್ಲ. ಲಡಿಯ ಆರಂಭದಲ್ಲಿದ್ದ ಒಂದು ಎಳೆಯೂ ಕೊನೆಯಲ್ಲಿರುವುದಿಲ್ಲ, ಆದರೂ ಅದು ಒಂದೇ ನೂಲು. ನೂಲಿನ ಬಲ ಉದ್ದಕ್ಕೂ ಸಾಗುವ ಒಂದೇ ಎಳೆಯಲ್ಲಿಲ್ಲ, ಎಳೆಗಳು ಒಂದರ ಮೇಲೊಂದು ಹಾಯುವುದರಲ್ಲಿದೆ ಎಂದು ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಬರೆದದ್ದು ಭಾಷೆಯ ಬಗ್ಗೆ. ಶಿಡ್ಲಘಟ್ಟದ ರೀಲರ್‌ಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಎಲ್ಲ ಎಳೆಗಳೂ ಒಟ್ಟಿಗೆ ಕಡಿದವೆನ್ನಿ. ಆಗ ಓಡುವ ನೂಲೇ ಇಲ್ಲ, ತಾಗಿಸುವುದು ಯಾವುದಕ್ಕೆ? ಗಂಟು ಹಾಕಬಹುದು. ಗಂಟು ಕೈಗೆ ಸಿಗುತ್ತದೆ, ಮುಂದೆ ಮಗ್ಗದಲ್ಲಿ ಅದೇ ತೊಡಕಾಗುತ್ತದೆ.

ಈ ಒಂದರ ಮೇಲೊಂದು ಹಾಯುವುದು ತಗಡಿನಲ್ಲಿ ಹೇಗಿರುತ್ತದೆ ಎಂಬುದನ್ನು ಆ ವಯಸ್ಸಾದ ಟಿಂಕರ್ ಕೆಲಸದಲ್ಲಿ ನೋಡಬೇಕು. ಎಡ ಮಡ್‌ಗಾರ್ಡ್ ಹೋಗಿದೆಯಲ್ಲ, ಅವರು ಮೊದಲು ಹೋಗುವುದು ಬಲಕ್ಕೆ. ಬಲ ಮಡ್‌ಗಾರ್ಡಿನ ಬಾಗಿನ ಮೇಲೆ ರಟ್ಟು ಹಿಡಿದು, ಪೆನ್ಸಿಲಿನಲ್ಲಿ ಗೆರೆ ಎಳೆದು, ಕತ್ತರಿಸಿ, ತಿರುಗಿಸಿ ಎಡಕ್ಕೆ ಇಟ್ಟು ನೋಡುತ್ತಾರೆ. ಎಲ್ಲಿ ಸಂದು ಬೀಳುತ್ತದೋ ಅಲ್ಲಿ ಸುತ್ತಿಗೆ. ಒಳಗಡೆ ಕಬ್ಬಿಣದ ಆನಿಕೆ ಹಿಡಿದು ಹೊರಗಿನಿಂದ ಬಡಿಯುತ್ತಾರೆ. ಬಡಿದಷ್ಟೂ ತಗಡು ಹಿಗ್ಗುತ್ತದೆ. ಹಿಗ್ಗಿದ ಕಡೆ ಗ್ಯಾಸಿನಿಂದ ಕೆಂಪಗೆ ಕಾಯಿಸಿ ಒದ್ದೆಬಟ್ಟೆ ಒತ್ತಿ ಕುಗ್ಗಿಸುತ್ತಾರೆ. ತುಕ್ಕು ತಿಂದು ತೆಳ್ಳಗಾದ ಜಾಗಕ್ಕೆ ಬೆಂಕಿ ತೋರಿಸಿದರೆ ತೂತು ದೊಡ್ಡದಾಗುತ್ತದೆ, ಬೆಸುಗೆ ಹಿಡಿಯುವುದಿಲ್ಲ. ಅಷ್ಟನ್ನು ಕತ್ತರಿಸಿ ಹೊಸ ತಗಡು ಕೂರಿಸಲೇಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಹೊಸ ತುಂಡು ಅಳತೆ ತೆಗೆದುಕೊಂಡದ್ದು ಪಕ್ಕದಲ್ಲಿ ಇನ್ನೂ ಬದುಕಿರುವ ಹಳೆಯ ತಗಡಿನಿಂದ. ನನ್ನ ಮಾತು ಇಷ್ಟೇ: ಹಳೆಯದು ಹೊಸದಕ್ಕೆ ಅಳತೆ ಕೊಡುವಷ್ಟು ಉಳಿದಿರುವವರೆಗೆ ಅದು ರಿಪೇರಿ. ಆ ಅಳತೆ ಹೊರಗಿನಿಂದ, ಇನ್ನೊಬ್ಬರ ಆಸೆಯಿಂದಲೋ ಫೋಟೊದಿಂದಲೋ ಬಂದ ಕ್ಷಣದಿಂದ ಅದು ಇನ್ನೊಂದು ಕಾರು. ಎಷ್ಟು ಶೇಕಡಾ ತಗಡು ಮೂಲದ್ದು ಎಂಬ ಲೆಕ್ಕ ಇಲ್ಲಿ ಮುಖ್ಯವಲ್ಲ.

ಲಂಡನ್ನಿನ ನ್ಯಾಯಾಧೀಶರೊಬ್ಬರು ಇದಕ್ಕೆ ಹತ್ತಿರದ ಮಾತನ್ನೇ ಹೇಳಿದ್ದಾರೆ. 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಲ ಮಾನ್ಸ್ 24 ಗಂಟೆಗಳ ಓಟ ಗೆದ್ದಿತ್ತು. ಆಮೇಲೆ ಅದರ ಎಂಜಿನ್ ಬದಲಾಯಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದಲ್ಲಿ ದಂಡೆ ಹಾರಿ ಚಾಲಕ ಕ್ಲೈವ್ ಡನ್‌ಫೀ ಸತ್ತ. ನಂತರ ಅದಕ್ಕೆ ರಸ್ತೆಯ ಕಾರಿನ ಬಾಡಿ ಬಂತು. ದಶಕಗಳ ಮೇಲೆ ಭಾರೀ ಮೊತ್ತಕ್ಕೆ ಮಾರಾಟವಾದಾಗ, ಇದು ಆ ಕಾರೇ ಅಲ್ಲ ಎಂದು ಕೊಂಡವರು ತಕರಾರು ತೆಗೆದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ಕೊಟ್ಟ ತೀರ್ಪಿನ ಸಾರ: ಗೆದ್ದ ದಿನದ ಕಾರು ಇದಲ್ಲ, ಆದರೆ ಬದಲಾವಣೆಯ ಯಾವ ಹಂತದಲ್ಲೂ ಅದರ ಬದುಕು ಕಡಿದಿಲ್ಲ, ಆ ಹೆಸರಿಗೆ ಹಕ್ಕುಳ್ಳ ಬೇರೆ ಕಾರೂ ಇಲ್ಲ, ಆದ್ದರಿಂದ ಇದೇ ಅದು. ನೂಲಿನ ಮಾತೇ. ನನ್ನ ಅಳತೆಯ ಮಾತಿಗೆ ಮಾತ್ರ ಇದು ಸ್ವಲ್ಪ ಇಕ್ಕಟ್ಟು. ಆ ರಸ್ತೆಯ ಬಾಡಿ ಹಳೆಯ ಬಾಡಿಯಿಂದ ಅಳತೆ ತೆಗೆದುಕೊಂಡದ್ದಲ್ಲ. ಆದರೂ ಅದು ಒಪ್ಪಿತವಾದದ್ದು, ಓಡುತ್ತಿದ್ದ ಕಾಲದಲ್ಲಿ, ಎಲ್ಲರ ಕಣ್ಣೆದುರು ನಡೆದದ್ದರಿಂದ ಎನಿಸುತ್ತದೆ. ಕಾರು ಇನ್ನೂ ಬೆಳೆಯುತ್ತಿದ್ದಾಗ ಆದ ಬದಲಾವಣೆ ಬೇರೆ. ಬೆಳವಣಿಗೆ ನಿಂತು ಎಂಬತ್ತು ವರ್ಷವಾದ ಮೇಲೆ ಹಳೆಯದೆಂಬ ಹೆಸರಿನಲ್ಲೇ ಮಾಡುವ ಹೊಸ ಬಾಡಿ ಬೇರೆ.

ನಮ್ಮ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟು ಇರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರ. ಹುಡುಗನ ಮಾತು ಕೇಳಿ ಓಪನ್ ಬಾಡಿ ಕಟ್ಟಿಸಿದರೆ ಆ ಎರಡು ಅಕ್ಷರ ಸಿಗುವುದು ಕಷ್ಟ. ಗಣನೀಯ ಎಂದರೆ ಎಷ್ಟು ಎಂಬುದು ಕಡತದ ಮುಂದೆ ಕೂತವರಿಗೆ ಬಿಟ್ಟದ್ದು, ಅಂದರೆ ಥೀಸಿಯಸ್ಸನ ಹಡಗು ಈಗ ಆರ್‌ಟಿಒ ಕಚೇರಿಯ ಟೇಬಲ್ ಮೇಲಿದೆ.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಬರಬೇಕಾದದ್ದು ನಂದಿ ಗ್ರಾಮದಿಂದ. ಭೋಗನಂದೀಶ್ವರನ ಶಿವರಾತ್ರಿ ತೇರಿನ ಮುಂದೆ ನಿಂತು, ಈ ಮರ ಯಾವ ಕಾಲದ್ದು ಎಂದು ಯಾರಾದರೂ ಕೇಳಿಯಾರೇ? ನಮ್ಮ ದೇವಸ್ಥಾನಗಳಲ್ಲಿ ತೇರು ಜೀರ್ಣವಾದರೆ ಹೊಸದನ್ನೇ ಕಟ್ಟಿಸಿದರೂ ಅದು ಸ್ವಾಮಿಯ ತೇರೇ. ಹೌದು, ಏಕೆಂದರೆ ತೇರಿನ ಅಳತೆ ಹಳೆಯ ತೇರಿನೊಳಗೆ ಇಲ್ಲ, ಶಿಲ್ಪಿಯ ಶಾಸ್ತ್ರದಲ್ಲಿ, ಅವನ ಮನೆತನದ ಕೈಯಲ್ಲಿದೆ. ಮರದ ಮಾತೂ ಬೇರೆಯೇ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಊರಿಗೆ ಹೆಸರು ಕೊಟ್ಟ ಹಳೆಯ ಅಶ್ವತ್ಥಮರ 2001ರಲ್ಲಿ ಬಿದ್ದುಹೋಯಿತು. ಮರದ ಅಳತೆ ಅದರ ಬೀಜದಲ್ಲೇ ಇರುತ್ತದೆ, ಬಿದ್ದರೂ ಇನ್ನೊಂದು ಅಶ್ವತ್ಥ ಯಾರನ್ನೂ ಕೇಳದೆ ಅಶ್ವತ್ಥವೇ ಆಗಿ ಬೆಳೆದೀತು. ಕಾರಿಗೆ ಬೀಜವಿಲ್ಲ. ಕಾರ್ಖಾನೆಯ ಅಚ್ಚುಗಳು ಎಂದೋ ಗುಜರಿಗೆ ಹೋಗಿವೆ. ಅದರ ಅಳತೆ ಉಳಿದಿರುವುದು ಅದರ ಮೈಯಲ್ಲಿ ಮಾತ್ರ, ಹುಣಸೆಕೊಂಬೆ ಬೀಳದ ಬಲಗಡೆಯಲ್ಲಿ.

ಮುದ್ದೇನಹಳ್ಳಿ ಇಲ್ಲಿಗೆ ದೂರವಲ್ಲ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ, 1930ರ ದಶಕದ ಮಧ್ಯದಲ್ಲಿ, ಯುರೋಪು ಅಮೆರಿಕಗಳ ಕಾರು ಕಾರ್ಖಾನೆಗಳನ್ನು ಸುತ್ತಿ ಬಂದು ಭಾರತದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಬರೆದರು. ಈ ಶೆಡ್ಡಿನ ಕಾರನ್ನು ತೋರಿಸಿದ್ದರೆ ಅವರು ಏನನ್ನುತ್ತಿದ್ದರೋ! ಹಳೆಯದಕ್ಕೆ ಕಣ್ಣೀರು ಹಾಕುವ ಪೈಕಿ ಅವರಲ್ಲ. ಲೆಕ್ಕ ಎಲ್ಲಿ ಎಂದು ಕೇಳುತ್ತಿದ್ದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎನ್ನುತ್ತಿದ್ದ ಎಚ್. ನರಸಿಂಹಯ್ಯನವರೂ ಇದೇ ಸೀಮೆಯವರು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರು 'ಮೂಲ' ಎಂಬ ಮಾತನ್ನೇ ಹಿಡಿದು ಕೇಳುತ್ತಿದ್ದರೇನೋ: ತಗಡಿಗೇಕೆ ಮಡಿ?

ಆ ಪ್ರಶ್ನೆ ನ್ಯಾಯವಾದದ್ದು. ಮೂಲದ ಪೂಜೆ ಅತಿಗೂ ಹೋಗುತ್ತದೆ. ಸ್ವಿಟ್ಜರ್ಲೆಂಡ್–ಇಟಲಿ ಗಡಿಯ ಮಜ್ಜೋರೆ ಸರೋವರದಲ್ಲಿ ದಶಕಗಟ್ಟಲೆ ಮುಳುಗಿದ್ದ 1925ರ ಬುಗಾಟಿ ಕಾರೊಂದನ್ನು 2009ರಲ್ಲಿ ಮೇಲೆತ್ತಿ, ಮರುವರ್ಷ ಹರಾಜಿನಲ್ಲಿ 2,60,500 ಯೂರೋಗೆ ಮಾರಿದರು. ಕೊಂಡವರು ರಿಪೇರಿ ಮಾಡಿಸದೆ, ತುಕ್ಕು ತಿಂದಂತೆಯೇ ಪ್ರದರ್ಶನಕ್ಕಿಟ್ಟರು. ಸುಂದರವಾದ ಹೆಣ. ಅದಕ್ಕೆ ಅದೇ ಸರಿ ಇರಬಹುದು, ಆದರೆ ತಾತ ಮದುವೆ ದಿಬ್ಬಣಕ್ಕೆ ಓಡಿಸಿದ ಕಾರನ್ನು ಹಾಗೆ ಇಡಲು ನನಗೆ ಮನಸ್ಸು ಬಾರದು. ನನಗೆ ಅಳತೆ ಬೇಕಾಗಿರುವುದು ಮಡಿಗಲ್ಲ. ಈ ಬಾಗನ್ನು ಯಾರೋ ಯೋಚಿಸಿ ತಂದಿದ್ದರು, ಅದು ನನ್ನ ಕೈಯಲ್ಲಿ ಸುಳ್ಳಾಗಬಾರದು, ಅಷ್ಟಕ್ಕೆ. ಚೌಕಟ್ಟಿನ ಮರ ಪೂರ್ತಿ ಹೋಗಿ, ಎರಡೂ ಕಡೆ ತಗಡು ಸತ್ತಿದ್ದರೆ ಹುಡುಗನ ಮಾತೇ ಕೇಳುತ್ತೇನೆ, ಕಟ್ಟಿಸಿದ ವರ್ಷವನ್ನು ಬಾನೆಟ್ಟಿನ ಒಳಗೆ ಕೊರೆಸುತ್ತೇನೆ, ಹಳೆಯ ಬಾಡಿಯನ್ನು ಗುಜರಿಗೆ ಹಾಕುವುದಿಲ್ಲ.

ಆದರೆ ಬಲಗಡೆ ಉಳಿದಿದೆಯಲ್ಲ. ಟಿಂಕರ್ ಕಡೆಗೇ ವಾಲಿ, ಅವರು ರಟ್ಟು ಹಿಡಿಯುವುದನ್ನು ನೋಡುತ್ತಾ ನಿಲ್ಲುತ್ತೇನೆ. ಬಣ್ಣ ಕೆರೆದಾಗ ಅವರು ನಿಲ್ಲಿಸಿ ಕರೆಯುತ್ತಾರೆ. ಬಲ ಮಡ್‌ಗಾರ್ಡಿನಲ್ಲೂ ಹಳೆಯ ಸುತ್ತಿಗೆಯ ಗುರುತುಗಳು, ಅಂಗೈಯಗಲ ತೇಪೆ. ಎಂದೋ ಯಾರೋ ಅದನ್ನೂ ಬಡಿದು ತಂದಿದ್ದಾರೆ, ಬಹುಶಃ ಎಡಗಡೆಯಿಂದ ಅಳತೆ ತೆಗೆದುಕೊಂಡು. "ಒಳ್ಳೆ ಕೈ ಸ್ವಾಮಿ" ಎಂದು ಹೇಳಿ, ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದು, ರಟ್ಟನ್ನು ಆ ತೇಪೆಯ ಮೇಲೇ ಒತ್ತಿ ಹಿಡಿಯುತ್ತಾರೆ.