ಜಾಡಿಯೊಳಗಿನ ಸಾಲ

ಅಮೆರಿಕದ ಸ್ಯಾನ್ ಡಿಯೇಗೊ ನಗರದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಲಾರೆನ್ಸ್ ಕ್ಲಾಬರ್ ಅವರು ಕೊಟ್ಟ ದೊಡ್ಡದೊಂದು ಸಂಗ್ರಹವಿದೆ. ವೃತ್ತಿಯಲ್ಲಿ ಅವರು ವಿದ್ಯುತ್ ಇಂಜಿನಿಯರ್. ಮನಸ್ಸೆಲ್ಲ ಹಾವುಗಳ ಮೇಲೆ. ಬಾಲದ ತುದಿಯಲ್ಲಿ ಗಿಲಕಿ ಇರುವ ರ‍್ಯಾಟಲ್ ಸ್ನೇಕ್‌ಗಳ ಬಗ್ಗೆ 1956ರಲ್ಲಿ ಅವರು ಎರಡು ಸಂಪುಟಗಳ ಗ್ರಂಥ ಹೊರತಂದರು. ಅದರ ಹಿಂದೆ ಸಾವಿರಾರು ಹಾವುಗಳ ಅಳತೆಯಿತ್ತು. ಇಂಥ ಹಾವುಗಳನ್ನು ಮೊದಲು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿಸಿ, ಆಮೇಲೆ ಆಲ್ಕೋಹಾಲ್ ತುಂಬಿದ ಜಾಡಿಗೆ ಇಳಿಸುತ್ತಾರೆ. ಮೈಗೊಂದು ಸಂಖ್ಯೆಯ ಚೀಟಿ ಕಟ್ಟುತ್ತಾರೆ. ಕಾಲ ಕಳೆದಂತೆ ಬಣ್ಣ ಮಾಸುತ್ತದೆ, ಚೀಟಿ ಉಳಿಯುತ್ತದೆ.

ಒಂದು ಹಾವು ಸಾಲದಿತ್ತೇ? ಸಾಲದು ಎನ್ನುತ್ತದೆ ವಿಜ್ಞಾನ. ಒಂದನ್ನು ಅಳೆದರೆ ಅದರ ಉದ್ದ ತಿಳಿಯುತ್ತದೆ. ಒಂದೇ ಜಾತಿಯ ಹಾವುಗಳು ಪರಸ್ಪರ ಎಷ್ಟು ಬೇರೆ ಎನ್ನುವುದು ತಿಳಿಯುವುದಿಲ್ಲ. ಮಾತು ಸರಿಯೇ. ಆದರೆ ಜಾತಿಯ ಬಗೆಗಿನ ಜ್ಞಾನಕ್ಕೆ ಬೆಲೆ ತೆತ್ತದ್ದು ಜಾತಿಯಲ್ಲ, ಒಂದೊಂದು ಹಾವು.

ಸಂಗ್ರಹಗಳ ಪರವಾದಿಗಳು ಹಕ್ಕಿಮೊಟ್ಟೆಗಳ ಉದಾಹರಣೆ ಕೊಡುತ್ತಾರೆ. 1960ರ ದಶಕದಲ್ಲಿ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ಹೊಸವುಗಳ ಜೊತೆ ಹೋಲಿಸಿದಾಗ ಚಿಪ್ಪು ತೆಳುವಾಗಿದ್ದು ಬೆಳಕಿಗೆ ಬಂತು. ಅದರ ಹಿಂದೆ ಡಿಡಿಟಿ ಇತ್ತು. ದೊಡ್ಡ ಉಪಕಾರವೇ. ಆದರೆ ಆ ಮೊಟ್ಟೆಗಳನ್ನು ಗೂಡಿನಿಂದ ಎತ್ತಿದವರಿಗೆ ಡಿಡಿಟಿಯ ಸುಳಿವೂ ಇರಲಿಲ್ಲ. ಮುಂದೆಂದೋ ಬಂದ ಒಳಿತು ಹಿಂದಿನ ಕೈಯನ್ನು ತೊಳೆಯುತ್ತದೆಯೇ? ತೊಳೆಯುವುದಿಲ್ಲ ಎಂದೇ ನನಗನ್ನಿಸುತ್ತದೆ. ಹಾಗೆಂದು ಜಾಡಿಗಳನ್ನು ಎಸೆದರೆ ಆ ಸಾವುಗಳು ಬರಿದೇ ವ್ಯರ್ಥವಾಗುತ್ತವೆ.

ಹಾಗಾಗಿ ನಾನು ಇದನ್ನು ಸಾಲವೆಂದು ತಿಳಿಯುತ್ತೇನೆ. ಸಾಲ ಮಾಡಿದವರು ಹೋದರು. ತೀರಿಸುವ ಹೊಣೆ ನಮ್ಮಂಥ ಸಂಶೋಧಕರದು. ಆಲ್ಕೋಹಾಲ್ ಆರದಂತೆ ನೋಡುವುದು, ಚೀಟಿ ಕಾಪಾಡುವುದು, ಕೇಳಿ ಬಂದವರಿಗೆ ಜಾಡಿ ತೆರೆಯುವುದು ಇವೆಲ್ಲ ಅದರ ಕಂತುಗಳು. ಜಾಡಿಯೇ ಉತ್ತರಿಸಬಲ್ಲ ಪ್ರಶ್ನೆಗೆ ಇನ್ನೊಂದು ಹಾವನ್ನು ಕೊಲ್ಲದಿರುವುದು ಎಲ್ಲಕ್ಕಿಂತ ದೊಡ್ಡ ಕಂತು.

ಮೆಕ್ಸಿಕೊದ ಸಾಂತಾ ಕ್ಯಾಟಲಿನಾ ದ್ವೀಪದ ರ‍್ಯಾಟಲ್ ಸ್ನೇಕ್‌ಗೆ ಸದ್ದು ಮಾಡುವ ಗಿಲಕಿಯೇ ಇಲ್ಲ. ಆ ಒಂದು ದ್ವೀಪ ಬಿಟ್ಟರೆ ಅದು ಇನ್ನೆಲ್ಲೂ ಇಲ್ಲ, ಅಳಿವಿನ ಅಂಚಿನಲ್ಲಿದೆ. ಇಂಥ ಪುಟ್ಟ ಸಂತತಿಗಳಿಂದ ಮಾದರಿ ಎತ್ತಬೇಕೇ, ಫೋಟೊ ಮತ್ತು ಚೂರು ಅಂಗಾಂಶ ಸಾಲದೇ ಎಂದು ಬೆನ್ ಮಿಂಟೀರ್ ಮತ್ತು ಸಂಗಡಿಗರು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೇಳಿದರು. ನೂರಕ್ಕೂ ಹೆಚ್ಚು ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಮಾದರಿಗಳ ಪರ ವಾದಿಸಿದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ತನ್ನ ಪರವಾಗಿ ಗಿಲಕಿಯನ್ನೂ ಆಡಿಸಲಾರದ ಜೀವಿಯ ಎದುರು, ಕೊಲ್ಲಲೇಬೇಕೆಂದು ಸಾಬೀತು ಮಾಡುವ ಹೊಣೆ ಚಾಕು ಹಿಡಿದವರದ್ದೇ.