ಅಳಿದದ್ದು ಅರಿವೋ, ನೆನಪೋ?

ಆಪರೇಷನ್‌ಗೆ ಮುಂಚೆ ಕೊಡುವ ಮದ್ದಿಗೆ ಕನ್ನಡದಲ್ಲಿ ಅರಿವಳಿಕೆ ಎನ್ನುತ್ತೇವೆ. ಅರಿವು ಅಳಿಯಿತೆಂದು ಆ ಪದವೇ ತೀರ್ಪು ಕೊಟ್ಟುಬಿಡುತ್ತದೆ. ಉರ್ದುವಿನ 'ಬೇಹೋಶಿ' ಇಷ್ಟು ಧೈರ್ಯ ಮಾಡುವುದಿಲ್ಲ. ಹೋಶ್ ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಜನರೆದುರು ಈಥರ್ ಬಳಸಿ ತೋರಿಸಿದ ದಿನದಿಂದಲೂ ಪ್ರಶ್ನೆಯೊಂದು ಉಳಿದೇ ಇದೆ. ಮಲಗಿದವನ ಒಳಗೆ ಆಗ ಯಾರಾದರೂ ಎಚ್ಚರವಾಗಿದ್ದಾರೆಯೇ?

ಇದಕ್ಕೆ ಗಣಿತದ ದಾರಿ ಹಿಡಿದವರಿದ್ದಾರೆ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳಾದ ಮೊಯ್ರಾ ಮತ್ತು ಅಲಿಸ್ಟರ್ ಸ್ಟೇನ್-ರಾಸ್, ಅರಿವಳಿಕೆ ತಜ್ಞ ಜೇಮಿ ಸ್ಲೀ ಮೊದಲಾದವರೊಡನೆ 1999ರಲ್ಲಿ ಒಂದು ಮಾದರಿಯನ್ನು ಪ್ರಕಟಿಸಿದರು. ಮಿದುಳಿನ ಒಂದೊಂದೇ ಕೋಶವನ್ನು ಎಣಿಸುವ ಗೋಜಿಗೆ ಅವರು ಹೋಗಲಿಲ್ಲ. ಸಂತೆಯ ಗದ್ದಲವನ್ನು ದೂರದಿಂದ ಕೇಳುವವನಂತೆ, ಕೋಶಗಳ ಗುಂಪಿನ ಸರಾಸರಿ ವಿದ್ಯುತ್ತನ್ನು ಹಿಡಿದರು. ಕೆಲವು ಕೋಶಗಳು ನೆರೆಯವನ್ನು ಕೆರಳಿಸುತ್ತವೆ, ಕೆಲವು ತಡೆಯುತ್ತವೆ. ಪ್ರೊಪೊಫಾಲ್‌ನಂಥ ಮದ್ದು ಈ ತಡೆಯನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಸಮೀಕರಣದಲ್ಲಿ ಮದ್ದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದಾಗ ಮಿದುಳಿನ ಚಟುವಟಿಕೆ ಮೆಲ್ಲಗೆ ಆರುವುದಿಲ್ಲ. ಒಂದು ಹಂತದಲ್ಲಿ, ನೀರು ಮಂಜುಗಡ್ಡೆಯಾಗುವ ಹಾಗೆ, ಇನ್ನೊಂದು ಸ್ಥಿತಿಗೆ ಥಟ್ಟನೆ ಬೀಳುತ್ತದೆ. ಮೇಲೇಳುವ ದಾರಿಯೂ ಬೇರೆ: ಮುಳುಗಿದ ಪ್ರಮಾಣಕ್ಕಿಂತ ಮದ್ದು ಇನ್ನೂ ಕಡಿಮೆಯಾಗಬೇಕು.

ಸೊಗಸಾದ ಲೆಕ್ಕ, ಸಂಶಯವಿಲ್ಲ. ಆದರೆ ಅದರಲ್ಲಿ ವೋಲ್ಟೇಜ್ ಇದೆ, ಕಾಲ ಇದೆ. ಅರಿವಿಗೆ ಒಂದು ಅಕ್ಷರವೂ ಇಲ್ಲ. ಕೆಳಗಿನ ಸ್ಥಿತಿಗೆ 'ಪ್ರಜ್ಞೆ ತಪ್ಪಿದ್ದು' ಎಂದು ಹೆಸರಿಟ್ಟವರು ನಾವು.

ಹೆಸರಿಡುವ ಈ ಆತುರ ಆಪರೇಷನ್ ಕೋಣೆಯಲ್ಲೂ ಇದೆ. ಹಣೆಗೆ ಪಟ್ಟಿ ಅಂಟಿಸಿ, ಮಿದುಳಿನ ಅಲೆಗಳಿಂದ ಸೊನ್ನೆಯಿಂದ ನೂರರವರೆಗೆ ಒಂದು ಅಂಕಿ ತೋರಿಸುವ ಯಂತ್ರವಿದೆ. ಅದರ ಲೆಕ್ಕದ ಬಗೆ ಬೇರೆ, ಭರವಸೆ ಅಂಥದ್ದೇ. 40ರಿಂದ 60ರೊಳಗಿದ್ದರೆ ಕತ್ತರಿ ಹಾಕಬಹುದು. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ 10 ಮಂದಿ ಸ್ವಯಂಸೇವಕರಿಗೆ ಅರಿವಳಿಕೆ ಕೊಡದೆ, ಸ್ನಾಯು ಸಡಿಲಿಸುವ ಮದ್ದನ್ನಷ್ಟೇ ಕೊಟ್ಟರು. ಅವರು ಪೂರ್ಣ ಎಚ್ಚರವಾಗಿದ್ದರು. ಅಂಕಿ ಮಾತ್ರ 44ರವರೆಗೆ ಇಳಿಯಿತು!

ಇನ್ನೊಂದು ಹಳೆಯ ಉಪಾಯವಿದೆ. ಸ್ನಾಯು ಸಡಿಲಿಸುವ ಮುನ್ನ ಒಂದು ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ, ಮದ್ದು ಆ ಕೈಗೆ ಇಳಿಯದಂತೆ. ಆಮೇಲೆ, "ಕೇಳಿಸುತ್ತಿದ್ದರೆ ನನ್ನ ಕೈ ಹಿಸುಕಿ" ಎನ್ನುತ್ತಾರೆ. ಹಲವು ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಂಟಲಿಗೆ ಕೊಳವೆ ಇಳಿಸಿದ ಬೆನ್ನಿಗೆ ಹೀಗೆ ಕೇಳಿದಾಗ 260 ಮಂದಿಯಲ್ಲಿ 12 ಮಂದಿ ಕೈ ಹಿಸುಕಿದರು. ಐವರು ನೋವಾಗುತ್ತಿದೆ ಎಂದೂ ತಿಳಿಸಿದರು. ಎದ್ದ ಮೇಲೆ ಯಾರಿಗೂ ಇದರ ನೆನಪಿರಲಿಲ್ಲ. ನೆನಪಿಟ್ಟುಕೊಂಡು ಬಂದು ಹೇಳುವವರು ತೀರಾ ಕಡಿಮೆ: ಬ್ರಿಟನ್ ಮತ್ತು ಐರ್ಲೆಂಡಿನ 2014ರ ವರದಿಯಂತೆ ಸುಮಾರು 19,000ಕ್ಕೆ ಒಬ್ಬರು. ಆಪರೇಷನ್ ಇರುವ ಓದುಗರು ಗಾಬರಿಯಾಗಬೇಕಾಗಿಲ್ಲ.

ನಮ್ಮನ್ನು ಕಾಡುವುದು ಆ ಐವರು. ನೆನಪಿಲ್ಲದ ನೋವು ನೋವೇ ಅಲ್ಲ ಎನ್ನುವ ವಾದವಿದೆ. ಹಾಗಾದರೆ ಎಳೆಗೂಸಿಗೆ ಕೊಟ್ಟ ಪೆಟ್ಟು? ಅದಕ್ಕೂ ನೆನಪಿರುವುದಿಲ್ಲವಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವವನು 'ನನಗೆ ನೋವು ಗೊತ್ತಾಗದ ಹಾಗೆ ಮಾಡಿ' ಎಂದು ಕೇಳಿರುತ್ತಾನೆ. 'ಗೊತ್ತಾಗಲಿ, ಆಮೇಲೆ ಮರೆಸಿಬಿಡಿ' ಎಂದಲ್ಲ. ಸಮೀಕರಣಕ್ಕೆ ಈ ಎರಡರ ವ್ಯತ್ಯಾಸ ಕಾಣಲಾರದು. ಅದು ಗಣಿತದ ದೋಷವಲ್ಲ, ಅದರ ಬಾಯಿಂದ ನಾವು ಹೇಳಿಸುವ ಉತ್ತರದ ದೋಷ.

ಹಿಸುಕದ ಕೈಯೂ ಪೂರ್ತಿ ಸಾಕ್ಷಿಯಲ್ಲ, ನಿಜ. ಕೇಳಿಸಿಯೂ ಉತ್ತರಿಸುವ ಇಚ್ಛೆಯೇ ಹುಟ್ಟದಿರಬಹುದು. ಆದರೂ ಅಲ್ಲಿ ಮಲಗಿದವನನ್ನು ಒಬ್ಬರು ಮಾತಾಡಿಸಿದ್ದಾರೆ. ಅದಕ್ಕೆ ಬೇಕಾದದ್ದು ತೋಳಿಗೆ ಕಟ್ಟುವ ಒಂದು ಪಟ್ಟಿ, ಒಂದೆರಡು ನಿಮಿಷ. ದಿನನಿತ್ಯದ ಆಪರೇಷನ್‌ಗಳಲ್ಲಿ ಹೀಗೆ ಕೇಳುವವರು ವಿರಳ.